ನೀಟಪ್ಪ ಮತ್ತು ಪಸಾರಪ್ಪ

ಹೋದ ತಿಂಗಳು ನನ್ನ ಮಗ ಲ್ಯಾಪ್‌ಟಾಪಿನಲ್ಲಿ ಯಾವುದೋ ಹಳೆಯ ಅಮೆರಿಕದ ಧಾರಾವಾಹಿ ಹಚ್ಚಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದ. ಹುಕ್ಕೇರಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಪಡಸಾಲೆಗೂ ನಡುವೆ ಬಾಗಿಲಿಲ್ಲ. ಅವರೆಕಾಯಿ ಸುಲಿಯುತ್ತ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದೆ. ಒಂದೇ ಮನೆಯಲ್ಲಿ ಇಬ್ಬರು ಗಂಡಸರು. ಒಬ್ಬ ಎಲ್ಲವನ್ನೂ ಒರೆಸಿ, ಮಡಿಸಿ, ಸಾಲಾಗಿ ಇಡುವವನು. ಇನ್ನೊಬ್ಬ ಕಾಲುಚೀಲವನ್ನು ಎಲ್ಲಿ ಬಿಚ್ಚಿದನೋ ಅಲ್ಲೇ ಬಿಡುವವನು. ನನ್ನ ಕೈ ನಿಂತುಹೋಯಿತು.

"ಅಯ್ಯ, ನೀಟಪ್ಪ" ಎಂದೆ.

"ಯಾರವ್ವಾ ನೀಟಪ್ಪ ಅಂದ್ರ?" ಎಂದ ಮಗ.

ಪರದೆಯ ಕೆಳಗೆ ಅವರ ಮಾತು ಅಕ್ಷರಗಳಲ್ಲಿ ಬರುತ್ತಿತ್ತು. ಚಷ್ಮಾ ಹಾಕಿಕೊಂಡು ಒಂದು ಕಂತು ಪೂರ್ತಿ ಕೂತು ಓದಿದೆ. ಗೋಕಾಕಿನಲ್ಲಿ ಒಂದು ಮಳೆಗಾಲವಿಡೀ, ವಾರಕ್ಕೆ ಐದು ಸಂಜೆ, ಇದೇ ಧಾರಾವಾಹಿಯನ್ನು ನಾನು ಒಬ್ಬರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಈಗ ಓದಿ ನೋಡಿದರೆ, ಅಂದು ನಾನು ಹೇಳಿದ ಒಂದು ಮಾತೂ ಇದರಲ್ಲಿ ಇರಲಿಲ್ಲ.

ನನ್ನ ಊರು ಮೂಡಲಗಿ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಗೋಕಾಕಿನ ಒಂದು ಹೊಸ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ನನಗೆ ಇಂಗ್ಲಿಷ್ ಬರುತ್ತಿತ್ತೇ ಎಂದು ಕೇಳಬೇಡಿ. ಮಕ್ಕಳಿಗಿಂತ ಒಂದು ಪಾಠ ಮುಂದೆ ಇರುತ್ತಿದ್ದೆ, ಅಷ್ಟೇ. ಮದುವೆಯಾಗದ ಹುಡುಗಿಗೆ ಕೋಣೆ ಕೊಡುವವರನ್ನು ಹುಡುಕಿ ಹುಡುಕಿ ನಮ್ಮಪ್ಪನ ಚಪ್ಪಲಿ ಸವೆದವು. ಕಡೆಗೆ ನಮ್ಮವರೇ, ಜೈನರೇ, ಆದ ತಾರಾಕಾಕು ಒಪ್ಪಿದರು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಮಕ್ಕಳಿಬ್ಬರೂ ಇಚಲಕರಂಜಿಯಲ್ಲಿ ಮಗ್ಗ ಹಾಕಿಕೊಂಡಿದ್ದರು. ಕೆಳಗೆ ಕಾಕು, ಮಾಳಿಗೆಯ ಮೇಲೆ ಒಂದು ಕೋಣೆ.

ಕಾಕು ಬಾಗಿಲಲ್ಲೇ ನಿಲ್ಲಿಸಿ ಮೂರು ಪ್ರಶ್ನೆ ಕೇಳಿದರು.

"ಹೊತ್ತ ಮುಳಗೂದರೊಳಗ ಉಣತೀಯೇನು?"

"ಹೂನ್ರಿ."

"ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಮನಿಯೊಳಗ ತರಂಗಿಲ್ಲ. ಆಗತೈತೇನು?"

"ಆಗತೈತ್ರಿ."

"ಇಂಗ್ಲಿಷ್ ಖರೇನ ಬರತೈತೇನು?"

"ಬರತೈತ್ರಿ."

ಮೂರರಲ್ಲಿ ಒಂದೂ ಪೂರ್ತಿ ನಿಜವಲ್ಲ. ಜೈನರ ಮನೆಯಲ್ಲಿ ಹುಟ್ಟಿದವಳೇ ಹೌದು, ಆದರೆ ಬಸ್‌ಸ್ಟ್ಯಾಂಡಿನ ಉಳ್ಳಾಗಡ್ಡಿ ಭಜಿಯ ವಾಸನೆ ಬಂದರೆ ನನ್ನ ಧರ್ಮ ಅಲ್ಲಿಗೇ ಮುಗಿಯುತ್ತಿತ್ತು.

ಕೋಣೆಯಲ್ಲಿ ನನಗಿಂತ ಮೊದಲೇ ಒಬ್ಬಳು ಇದ್ದಳು. ಮುಮತಾಜ. ದಡ್ಡಿ ಎಂಬ ಊರಿನವಳು, ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಅವಳ ತಂದೆ ದಸ್ತಗೀರ ಕಾಕಾ ಬಳೆಗಾರರು. ತಾರಾಕಾಕು ಮದುವೆಯಾಗಿ ಈ ಮನೆಗೆ ಬಂದಾಗ ಬಳೆ ಇಡಿಸಿದವರು ದಸ್ತಗೀರ ಕಾಕಾರ ತಂದೆಯಂತೆ. ಆಮೇಲೆ ಕಾಕುವಿನ ಸೊಸೆಯಂದಿರಿಗೆ ಇಡಿಸಿದವರು ಇವರು. ಹಾಗಾಗಿ ಆ ಮನೆಯಲ್ಲಿ ಅವರ ಮಗಳಿಗೆ ಕೋಣೆ ಕೊಡಬೇಕೋ ಬೇಡವೋ ಎಂಬ ಮಾತೇ ಹುಟ್ಟಿರಲಿಲ್ಲ.

ಮುಮತಾಜಳಷ್ಟು ಅಚ್ಚುಕಟ್ಟಿನ ಮನುಷ್ಯರನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅವಳ ಚಪ್ಪಲಿ ಗೋಡೆಗೆ ಹತ್ತಿ ನೇರ ನಿಲ್ಲುತ್ತಿದ್ದವು. ಉಂಡ ತಾಟು ಕೈ ಒಣಗುವುದರೊಳಗೆ ತೊಳೆದು ಬೋರಲು ಬೀಳುತ್ತಿತ್ತು. ನಾನೋ, ಒಂದು ಲಂಗ ಹುಡುಕಲು ಟ್ರಂಕಿನ ಅಷ್ಟೂ ಬಟ್ಟೆ ಹೊರಗೆ ಹಾಕುವವಳು. ಹಾಕಿದ್ದನ್ನು ಒಳಗೆ ಇಡಬೇಕು ಎಂಬುದು ನನ್ನ ತಲೆಗೆ ಹೋಗುತ್ತಿರಲಿಲ್ಲ. ಪ್ರತಿ ರವಿವಾರ ಅವಳು ನನ್ನ ಬಟ್ಟೆ, ಪುಸ್ತಕ, ಬಾಚಣಿಗೆ, ಅರ್ಧ ಕುಡಿದ ಚಹಾದ ಕಪ್ಪು, ಎಲ್ಲವನ್ನೂ ನನ್ನದೇ ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಗೂಟಕ್ಕೆ ತೂಗುಹಾಕುತ್ತಿದ್ದಳು. "ತಗೋ, ನಿನ್ನ ಸಂಸಾರ" ಎನ್ನುತ್ತಿದ್ದಳು.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದೆಂದರೆ ಅವಳು ನನಗೆ ಜೈನಧರ್ಮ ಕಲಿಸುತ್ತಿದ್ದದ್ದು. ಕಾಕುವಿಗೆ ಕೊಟ್ಟ ಮಾತೆಂದರೆ ಮಾತು. ಮಳೆಗಾಲದಲ್ಲಿ ಮೋಡ ಕವಿದು ಸೂರ್ಯ ಯಾವಾಗ ಮುಳುಗಿದ ಎಂದೇ ತಿಳಿಯುವುದಿಲ್ಲವಲ್ಲ, ಅವಳ ಗೋಡೆಯ ಮೇಲೆ ಮಸೀದಿಯವರ ಕ್ಯಾಲೆಂಡರ್ ಇತ್ತು, ಸಂಜೆಯ ನಮಾಜಿನ ಹೊತ್ತು ನಿಮಿಷದ ಲೆಕ್ಕದಲ್ಲಿ ಅಚ್ಚಾಗಿದ್ದದ್ದು. ಅದನ್ನು ನೋಡಿ, "ಏ ತ್ರಿಶಲಾ, ಇನ್ನ ಹದಿನೆಂಟ ನಿಮಿಷ ಐತಿ, ಉಣ್ಣು" ಎಂದು ಕೂಗುತ್ತಿದ್ದಳು. ನಾನು ಬಾಯಿ ತೊಳೆದು ಬರುವುದಕ್ಕೂ ಅವಳು ನಮಾಜಿಗೆ ಚಾಪೆ ಹಾಸುವುದಕ್ಕೂ ಸರಿಹೋಗುತ್ತಿತ್ತು. ಒಮ್ಮೆ ನಾನು ವ್ಯಾನಿಟಿ ಬ್ಯಾಗಿನಲ್ಲಿ ಭಜಿ ಮುಚ್ಚಿಟ್ಟು ತಂದಾಗ ಮೆಟ್ಟಿಲ ಬುಡದಲ್ಲೇ ಹಿಡಿದು, ರಸ್ತೆಗೆ ಕಳಿಸಿ, ಅಲ್ಲಿಯೇ ತಿಂದು ಬಾಯಿ ಮುಕ್ಕಳಿಸಿ ಬಾ ಎಂದಿದ್ದಳು.

ಇನ್ನು ಟೀವಿಯ ಸುದ್ದಿ. ಮಕ್ಕಳು ಕಾಕುವಿಗೆ ಕೇಬಲ್ ಹಾಕಿಸಿಕೊಟ್ಟಿದ್ದರು. ಕಾಕುವಿಗೆ ನಮ್ಮ ಭಾಷೆಯ ಧಾರಾವಾಹಿಗಳು ಸೇರುತ್ತಿರಲಿಲ್ಲ. "ಅಳೂದ ನೋಡಾಕ ಟೀವಿ ಯಾಕ ಬೇಕ ಬೇ? ಓಣ್ಯಾಗ ಸಾಕಷ್ಟೈತಿ" ಎನ್ನುತ್ತಿದ್ದರು. ಒಂದು ಸಂಜೆ ಚಾನೆಲ್ ತಿರುವುತ್ತ ತಿರುವುತ್ತ ಈ ಇಬ್ಬರು ಅಮೆರಿಕದವರು ಸಿಕ್ಕರು. ಅವರು ಏನಾದರೂ ಅಂದಕೂಡಲೇ ಎಲ್ಲಿಂದಲೋ ಬಹಳ ಮಂದಿ ನಗುತ್ತಿದ್ದರು. ಕಾಕುವಿಗೆ ಆ ನಗು ಹಿಡಿಸಿಬಿಟ್ಟಿತು. ನಗುವವರು ಬಾಜೂ ಕೋಣೆಯಲ್ಲಿ ಕೂತಿರುತ್ತಾರೆ ಎಂದು ಕಡೆಯ ತನಕ ನಂಬಿದ್ದರು, ಅವರಿಗೆ ಚಹಾ ಯಾರು ಕೊಡುತ್ತಾರೆ ಎಂದು ಚಿಂತಿಸುತ್ತಿದ್ದರು. ಮನೆಯಲ್ಲೇ ಇಂಗ್ಲಿಷ್ ಟೀಚರ್ ಇರುವಾಗ ಮಾತು ತಿಳಿಯದೆ ಯಾಕೆ ನೋಡಬೇಕು? ಮಾರನೆಯ ದಿನದಿಂದ ಸಂಜೆ ಏಳೂವರೆಗೆ ನನ್ನನ್ನು ಕೆಳಗೆ ಕರೆದರು.

ನನಗೆ ಅವರ ಇಂಗ್ಲಿಷಿನ ಒಂದು ಅಕ್ಷರವೂ ಹಿಡಿಯಲು ಸಿಗಲಿಲ್ಲ. ಸೋಡಾ ಬಾಟಲಿ ತೆರೆದಂತೆ ಮಾತಾಡುತ್ತಿದ್ದರು. ಬರುವುದಿಲ್ಲ ಎಂದರೆ ಕೋಣೆಯೂ ಹೋಯಿತು, ಶಾಲೆಯಲ್ಲಿ ಮರ್ಯಾದೆಯೂ ಹೋಯಿತು. ಹಾಗಾಗಿ ಅವರ ಮುಖ ನೋಡಿ ನಾನೇ ಮಾತು ಕಟ್ಟಿದೆ. ಕಟ್ಟುವುದೇನೂ ಕಷ್ಟವಾಗಲಿಲ್ಲ. ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆ ತನಕ ನಾನೂ ಮುಮತಾಜಳೂ ಆಡಿದ ಜಗಳವನ್ನೇ ಅವರ ಬಾಯಲ್ಲಿ ಹಾಕಿದರೆ ಸಾಕಾಗುತ್ತಿತ್ತು. ಒಂದೇ ಕಟ್ಟುಪಾಡೆಂದರೆ, ಮಂದಿ ನಗುವುದರೊಳಗೆ ನನ್ನ ಮಾತು ಮುಗಿಯಬೇಕು. ಎಂಟು ದಿನದಲ್ಲಿ ಅದೂ ರೂಢಿಯಾಯಿತು. ಕಾಕು ಅವರಿಬ್ಬರಿಗೂ ಹೆಸರಿಟ್ಟರು. ಚೊಕ್ಕ ಇರುವವನು ನೀಟಪ್ಪ, ಮನೆ ತುಂಬ ಪಸಾರ ಹರಡುವವನು ಪಸಾರಪ್ಪ. ನನ್ನ ಕನ್ನಡದಲ್ಲಿ ಯಾವಾಗಲೂ ಪಸಾರಪ್ಪನೇ ಗೆಲ್ಲುತ್ತಿದ್ದ. ಹಿಂದೆ ಗೋಡೆಗೊರಗಿ ಕೂತ ಮುಮತಾಜ ನನಗೆ ಮಾತ್ರ ಕೇಳಿಸುವಂತೆ, "ಹಂಗ ಅನ್ನಲಿಲ್ಲ ಅಂವಾ" ಎನ್ನುತ್ತಿದ್ದಳು. ಅವಳಿಗೂ ಅಷ್ಟೇ ಇಂಗ್ಲಿಷ್ ಬರುತ್ತಿದ್ದದ್ದು.

ಮುಮತಾಜಳದು ಒಂದು ಗುಟ್ಟಿತ್ತು. ಅದು ನನಗೆ ಮಾತ್ರ ಗೊತ್ತಿತ್ತು. ಮಹಿಳಾ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಅವಳು ಅರ್ಜಿ ಹಾಕಿದ್ದಳು. ಓಟದ ಪರೀಕ್ಷೆಗೆ ಬೆಳಗಾವಿಗೆ ಕರೆಯುತ್ತಾರೆ, ಆ ಪತ್ರ ನನ್ನ ಶಾಲೆಯ ವಿಳಾಸಕ್ಕೆ ಬರುವಂತೆ ಮಾಡಿದ್ದಳು. ದಸ್ತಗೀರ ಕಾಕಾ ಮಗಳನ್ನು ಬಿ.ಎ. ತನಕ ಓದಿಸುತ್ತೇನೆ ಎಂದಿದ್ದರು. ಮುಂದಿನದು ಮದುವೆ. ಪೊಲೀಸ್ ಎಂದರೆ ಅವರು ಒಪ್ಪುವುದಿಲ್ಲ, ಕೂಡಲೇ ದಡ್ಡಿಗೆ ಕರೆದುಕೊಂಡು ಹೋಗುತ್ತಾರೆ ಎಂದು ಅವಳ ಹೆದರಿಕೆ. ದಿನಾ ನಸುಕಿನಲ್ಲಿ ಎದ್ದು ಕಾಲೇಜಿನ ಮೈದಾನಕ್ಕೆ ಹೋಗಿ ಕೆಸರಲ್ಲಿ ಓಡಿ ಬರುತ್ತಿದ್ದಳು. ಕಾಕುವಿಗೆ ಟ್ಯೂಶನ್ ಎಂದು ಹೇಳಿದ್ದಳು.

ಕಾಕುವಿಗೆ ಗೊತ್ತಾಗಲೇಬಾರದು ಎನ್ನಲು ಬೇರೆ ಕಾರಣವೇ ಇತ್ತು. ಚಾತುರ್ಮಾಸದ ನಾಲ್ಕು ತಿಂಗಳು ನಮ್ಮವರು ಒಂದೊಂದು ನೇಮ ಹಿಡಿಯುತ್ತಾರೆ. ಒಬ್ಬರು ಸಕ್ಕರೆ ಬಿಡುತ್ತಾರೆ, ಒಬ್ಬರು ಬದನೆಕಾಯಿ ಬಿಡುತ್ತಾರೆ. ಕಾಕು ಹಿಂದಿನ ವರ್ಷ ತುಪ್ಪ ಬಿಟ್ಟಿದ್ದರು. ಈ ವರ್ಷ ಬಸದಿಯಲ್ಲಿ ಮುನಿಗಳ ಮುಂದೆ ಕೈಮುಗಿದು ನಿಂತು ಸುಳ್ಳು ಬಿಟ್ಟು ಬಂದಿದ್ದರು. ದಸ್ತಗೀರ ಕಾಕಾ ಹದಿನೈದು ದಿನಕ್ಕೊಮ್ಮೆ ಮೂಡಲಗಿ, ಗೋಕಾಕಿನ ಸಂತೆ ಮುಗಿಸಿ ಈ ಮನೆಗೆ ಬರುತ್ತಿದ್ದರು. ಬಂದವರೇ ಕಾಕುವನ್ನು ತಪ್ಪದೆ ಕೇಳುತ್ತಿದ್ದರು, ನಮ್ಮ ಹುಡುಗಿ ಏನು ಮಾಡುತ್ತಾಳೆ ಎಂದು. ಕಾಕುವಿಗೆ ಗೊತ್ತಿಲ್ಲದಿದ್ದರೆ ಮಾತ್ರ ಮುಮತಾಜ ಉಳಿದಳು.

ಭಾದ್ರಪದದ ಜಡಿಮಳೆಯಲ್ಲಿ ನನ್ನ ಬುದ್ಧಿ ಕೆಟ್ಟಿತು. ನಾಲ್ಕನೆಯ ಇಯತ್ತೆಯ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದಲೆಂದು ತಂದು ಎಂದಿನಂತೆ ನೆಲದ ಮೇಲೆ, ಹಳೆಯ ಪೇಪರುಗಳ ಮೇಲೆ, ಒಗೆದಿದ್ದೆ. ರವಿವಾರ ನಾನು ಮೂಡಲಗಿಗೆ ಹೋದಾಗ ಮುಮತಾಜ ಕೋಣೆ ಸ್ವಚ್ಛ ಮಾಡಿ, ಪೇಪರಿನ ಗುಡ್ಡೆಯನ್ನೆಲ್ಲ ದಾರದಿಂದ ಚಂದ ಕಟ್ಟಿ ರದ್ದಿಯವನಿಗೆ ಕೊಟ್ಟಿದ್ದಳು. ಮಕ್ಕಳ ಉತ್ತರಗಳೂ ಅದರೊಳಗೇ ಹೋದವು. ಹುಡುಕಿಕೊಂಡು ಹೋದೆವು. ರದ್ದಿಯವನು ಆಗಲೇ ಮುಂದೆ ಸಾಗಿಸಿದ್ದ. ಬುಧವಾರ ಬಸ್‌ಸ್ಟ್ಯಾಂಡಿನಲ್ಲಿ ಭಜಿ ಕಟ್ಟಿಸಿಕೊಂಡರೆ, ಸುತ್ತಿದ ಕಾಗದದ ಮೇಲೆ ನಮ್ಮ ಕ್ಲಾಸಿನ ಹುಡುಗನ ದುಂಡಗಿನ ಅಕ್ಷರ. ಹತ್ತಕ್ಕೆ ಏಳು ಕೊಡಬಹುದಾಗಿತ್ತು.

ಹೆಡ್‌ಮಿಸ್ಟ್ರೆಸ್ ಅದೇ ದಿನ ಎಲ್ಲ ಟೀಚರುಗಳ ಮುಂದೆ ನನ್ನನ್ನು ನಿಲ್ಲಿಸಿ ಬೈದರು. ತಪ್ಪು ನನ್ನದು, ಈಗ ಹೇಳಬಲ್ಲೆ. ಅಂದು ಮನೆಗೆ ಬರುವಷ್ಟರಲ್ಲಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಮುಮತಾಜ, "ನೆಲದ ಮ್ಯಾಲ ಒಗದದ್ದ ರದ್ದಿ ಅಲ್ಲದ ಮತ್ತೇನ?" ಎಂದಳು. ಅಷ್ಟೊತ್ತಿಗೆ ಏಳೂವರೆಯಾಯಿತು. ಕಾಕು ಕೂಗಿದರು.

ಪರದೆಯ ಮೇಲೆ ಪಸಾರಪ್ಪ ಕಾಲು ಚಾಚಿ ಕೂತು ಏನೋ ಅನ್ನುತ್ತಿದ್ದ. ನೀಟಪ್ಪ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

"ಏನಂತಾನ ಬೇ ಇಂವಾ?" ಎಂದರು ಕಾಕು.

"ಭಾಳ ಶಾಣ್ಯಾ ಆಗಬ್ಯಾಡ, ನಿನ್ನ ಬಂಡವಾಳ ನನಗ ಗೊತ್ತೈತಿ ಅಂತಾನ್ರಿ."

"ಏನ ಬಂಡವಾಳ?"

"ದಿನಾ ನಸಕಿನ್ಯಾಗ ಟ್ಯೂಶನ್ನಿಗೆ ಹೊಕ್ಕೇನಿ ಅಂತ ಸುಳ್ಳ ಹೇಳಿ ಕಾಲೇಜ ಗ್ರೌಂಡಿಗೆ ಓಡಾಕ ಹೋಗ್ತೀ, ಅಂತಾನ್ರಿ."

ಟೀವಿಯ ಮಂದಿ ಸರಿಯಾದ ಹೊತ್ತಿಗೆ ನಕ್ಕರು. ಕಾಕು ನಗಲಿಲ್ಲ.

"ಯಾಕ ಓಡತಾನ?"

"ಪೊಲೀಸ ಆಗಾಕ್ರಿ."

"ಅವರಪ್ಪಗ ಗೊತ್ತೈತೇನು?"

ಅಲ್ಲಿಯಾದರೂ ನಾನು ಬಾಯಿ ಮುಚ್ಚಬೇಕಿತ್ತು. "ಇಲ್ರಿ" ಎಂದೆ.

ಹಿಂದಿನಿಂದ ಮುಮತಾಜ ಎದ್ದದ್ದು ಕೇಳಿಸಿತು. ಅಂಥ ಹೊತ್ತಿನಲ್ಲೂ ತಾನು ಕೂತ ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿ, ಮೆಟ್ಟಿಲು ಹತ್ತಿ ಹೋದಳು. ಕಾಕು "ಪಾಪ, ನೀಟಪ್ಪ" ಎಂದರು. ಆಮೇಲೆ ಟೀವಿ ಬಂದ್ ಮಾಡಿದರು.

ಅಂದಿನಿಂದ ಮುಮತಾಜ ನನ್ನ ಜೊತೆ ಮಾತು ಬಿಟ್ಟಳು. ಸಂಜೆ ಉಣ್ಣು ಎಂದು ಕೂಗುವುದನ್ನೂ ಬಿಟ್ಟಳು. ಎರಡು ದಿನ ನಾನು ಹೊತ್ತು ಮೀರಿಸಿ ಉಪವಾಸ ಮಲಗಿದೆ. ರವಿವಾರ ನನ್ನ ಬಟ್ಟೆ ನೆಲದ ಮೇಲೆ ಬಿದ್ದಲ್ಲೇ ಇದ್ದವು, ಅವಳು ಮುಟ್ಟಲಿಲ್ಲ. ನೆಲದ ತುಂಬ ಹರಡಿದ ಆ ನನ್ನ ಸಂಸಾರ ನೋಡಿ ನನಗೆ ಅಳು ಬಂತು. ಮೈದಾನಕ್ಕೆ ಹೋಗುವುದನ್ನೂ ಅವಳು ನಿಲ್ಲಿಸಿದ್ದಳು. ಓಟದ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಪತ್ರ ಬಂದಿತ್ತು, ನಾನೇ ಶಾಲೆಯಿಂದ ತಂದು ಅವಳ ಪುಸ್ತಕದ ಮೇಲಿಟ್ಟಿದ್ದೆ.

ದಸ್ತಗೀರ ಕಾಕಾ ಬರುವ ದಿನ ಬಂತು. ಮಳೆ ನಿಂತು ಹೊಳವಾಗಿತ್ತು. ಬಳೆಯ ಪೆಟ್ಟಿಗೆ ಕಟ್ಟೆಯ ಮೇಲಿಟ್ಟು, ಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕೂತರು. ನಾನು ಚಹಾ ತಂದುಕೊಟ್ಟೆ. ತೆಳ್ಳಗಿನ ಮನುಷ್ಯ, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕೈಗಳು ಮಾತ್ರ ಅವರ ಮೈಗೆ ದೊಡ್ಡವು. ಮುಮತಾಜ ಮೆಟ್ಟಿಲ ಮೇಲೆ ನಿಂತಿದ್ದಳು, ಕೆಳಗಿಳಿಯಲಿಲ್ಲ.

"ನಮ್ಮ ಹುಡುಗಿ ಹೆಂಗದಾಳ್ರಿ ಅಕ್ಕಾರ? ಏನ್ ಮಾಡಾಕತ್ತಾಳ?"

ಕಾಕು ತಮ್ಮ ಅಂಗೈ ನೋಡುತ್ತ ಹೇಳಿದರು.

"ದಸ್ತಗೀರಣ್ಣಾ, ಈ ಚಾತುರ್ಮಾಸ ನಾ ಸುಳ್ಳ ಬಿಟ್ಟೇನಿ. ಖರೆ ಹೇಳೂನಂದ್ರ ಅದು ನನ್ನ ಮಾತಲ್ಲ. ಏಳೂವರಿ ತನಕ ಕೂಡ್ರಿ. ಟೀವಿಯೊಳಗ ಬರತೈತಿ, ಈ ಹುಡುಗಿ ತಿಳಿಸಿ ಹೇಳತಾಳ."

ಅವರಿಗೆ ಏನೂ ತಿಳಿಯಲಿಲ್ಲ. ಆದರೆ ಹಿರಿಯರು ಕೂಡು ಎಂದರು, ಕೂತರು. ಹೊತ್ತಾದ ಕೂಡಲೇ ಕಾಕು ಟೀವಿ ಹಚ್ಚಿ, ದನಿ ಸಣ್ಣದು ಮಾಡಿ, ನನ್ನನ್ನು ನೋಡಿದರು. "ಹೇಳ ಬೇ. ಆ ನೀಟಪ್ಪ ಓಡತಿದ್ನಲ್ಲ, ಮುಂದ ಏನಾತು?"

ನೀಟಪ್ಪ ಪರದೆಯ ಮೇಲೆ ಮೇಜು ಒರೆಸುತ್ತ ಏನೋ ಹೇಳುತ್ತಿದ್ದ. ನಾನು ಶುರುಮಾಡಿದೆ.

"ನೀಟಪ್ಪ ಅಂತಾನ್ರಿ, ನಾ ಪೊಲೀಸ ಆಗಬೇಕಂತ ಓಡಾಕತ್ತೇನಿ. ಅಪ್ಪಗ ಹೇಳಬೇಕಂತ ನಾಕ ಸಲ ಬಾಯಿ ತಗದೆ. ಅಂವಾ ನನ್ನ ಓದಿಸಾಕ ಬಿಸಲಾಗ ಪೆಟಿಗಿ ಹೊತ್ತ ಊರೂರ ತಿರಗ್ಯಾನ. ಅಂವಾ ಬ್ಯಾಡ ಅಂದ್ರ ನಾ ಹೋಗಾಂಗಿಲ್ಲ. ಬ್ಯಾಡ ಅನ್ನೂದ ಕೇಳಾಕ ನನ್ನ ಕಡಿಂದ ಆಗಾಂಗಿಲ್ಲ. ಅದಕ್ಕ ಕೇಳಲೇ ಇಲ್ಲ, ಅಂತಾನ್ರಿ."

ಪೆಟ್ಟಿಗೆಯ ಮಾತು ಬಂದಾಗ ದಸ್ತಗೀರ ಕಾಕಾ ಚಹಾದ ಬಸಿ ಕೆಳಗಿಟ್ಟರು. ಕಟ್ಟೆಯ ಮೇಲಿನ ತಮ್ಮ ಪೆಟ್ಟಿಗೆ ನೋಡಿದರು, ಮೆಟ್ಟಿಲ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಮತ್ತ ಆ ಇನ್ನೊಬ್ಬಾಂವ ಏನಂತಾನ?"

"ಪಸಾರಪ್ಪ ಅಂತಾನ್ರಿ, ತಪ್ಪ ನಂದು. ನೀಟಪ್ಪನ ಗುಟ್ಟ ಹೇಳಾಕ ನನಗ ಹಕ್ಕಿರಲಿಲ್ಲ. ಸಿಟ್ಟಿನ ಕೈಯಾಗ ಬಾಯಿ ಕೊಟ್ಟೆ. ಅಂವಾ ಇಲ್ಲದ ಖೋಲಿ ನನಗ ಬ್ಯಾಡ. ಅಂವಾ ಬೈಲಿ, ಗಂಟ ಕಟ್ಟಿ ತೂಗಹಾಕಲಿ, ಆದ್ರ ಅಂವಾ ಓಡಬೇಕು. ಅಷ್ಟ ಚೊಲೊ ಓಡೋರನ್ನ ನಾ ಯಾರ್ನೂ ನೋಡಿಲ್ಲ. ಅಂವನ ನಿಂದ್ರಿಸಿದ್ರ..."

"ತಂಗಿ" ಎಂದರು ದಸ್ತಗೀರ ಕಾಕಾ. "ಅವರಿಬ್ರೂ ಹೋಗಿ ಭಾಳ ಹೊತ್ತಾತು. ಈಗ ಸಾಬಾಣ ತೋರಸಾಕತ್ತಾರ."

ತಿರುಗಿ ನೋಡಿದೆ. ಜಾಹೀರಾತಿನಲ್ಲಿ ಒಬ್ಬಳು ಮುಖ ತೊಳೆಯುತ್ತಿದ್ದಳು. ಕಾಕು ಟೀವಿ ಆರಿಸಿದರು. ಮುಮತಾಜ ಕೊನೆಯ ಮೆಟ್ಟಿಲ ತನಕ ಇಳಿದು ನಿಂತಿದ್ದಳು.

"ಓಡತೀಯೇನು?" ಎಂದರು ತಂದೆ.

"ಹೂನಪಾ ಅಬ್ಬಾ."

ಅವರು ಎದ್ದು ಪೆಟ್ಟಿಗೆಯ ಪಟ್ಟಿ ಹೆಗಲಿಗೆ ಹಾಕಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ಹತ್ತ ಊರಾಗ ಬಳಿ ಇಡಸತೇನಿ. ಕೈ ಹಿಡದ ಕೂಡ್ಲೆ ಹೆಣ್ಣಮಕ್ಕಳು ಮನಿ ಸುದ್ದಿ ಎಲ್ಲಾ ನನ್ನ ಮುಂದ ಹೇಳತಾರ. ಅವರಪ್ಪಗ, ಗಂಡಗ ಹೇಳಲಾರದ್ದನ್ನ ಹೇಳತಾರ. ನನ್ನ ಮನಿ ಸುದ್ದಿ ನಾ ಟೀವಿಯೊಳಗ ಕೇಳ್ಬೇಕಾತು." ಕಾಕುವಿನ ಕಡೆ ತಿರುಗಿ, "ಬರತೇನ್ರಿ ಅಕ್ಕಾರ" ಎಂದರು. ಹೋಗು ಎನ್ನಲಿಲ್ಲ, ಹೋಗಬೇಡ ಎನ್ನಲಿಲ್ಲ. ದಡ್ಡಿಯ ಬಸ್ಸಿಗೆ ಹೊರಟುಹೋದರು.

ನಾವಿಬ್ಬರೂ ಮೇಲೆ ಬಂದು ಕೂತೆವು. ಅವಳು ಬಹಳ ಹೊತ್ತು ಅತ್ತಳು. ನಾನು ಏನು ಮಾಡಲೂ ತಿಳಿಯದೆ, ಜೀವನದಲ್ಲಿ ಮೊದಲ ಸಲ, ನನ್ನ ಬಟ್ಟೆಗಳನ್ನು ಒಂದೊಂದಾಗಿ ಮಡಿಸತೊಡಗಿದೆ. ಅಷ್ಟೂ ಸೊಟ್ಟ ಸೊಟ್ಟ. ಅವಳು ಕಣ್ಣೊರೆಸಿಕೊಂಡು ಅದನ್ನು ನೋಡಿದಳು.

"ಪಸಾರಪ್ಪ ಖರೇನ ಹಂಗ ಅಂದ್ನೇನು?"

"ಹೂಂ."

"ಹಂಗಾರ ನಾಳೆ ನಸಕಿನ್ಯಾಗ ಎದ್ದ ಬಂದ ಗಡಿಯಾರ ಹಿಡೀತಾನೇನು ಕೇಳು."

"ಅಬ್ಬಾ ಬ್ಯಾಡ ಅಂದ್ರ?"

"ಇನ್ನೂ ಅಂದಿಲ್ಲಲ್ಲ" ಎಂದಳು.

ಎಂಟು ಗಂಟೆಗೆ ಮುಂಚೆ ಹಾಸಿಗೆ ಬಿಡದಿದ್ದ ನಾನು ಹದಿಮೂರು ದಿನ ಅವಳ ಹಿಂದೆ ಮೈದಾನಕ್ಕೆ ಹೋದೆ. ಇಬ್ಬನಿಯಲ್ಲಿ ಒದ್ದೆಯಾದ ಕಟ್ಟೆಯ ಮೇಲೆ ಕೂತು, ಕಾಕು ಕೊಟ್ಟ, ಅವರ ಗಂಡನ ಕೈಗಡಿಯಾರ ಹಿಡಿದು ನಿಮಿಷ ಕೂಗಿದೆ. ಮಳೆ ಹಿಂದೆ ಸರಿದಿತ್ತು. ಅವಳು ಓಡುವುದನ್ನು ನಾನು ಅಲ್ಲಿಯ ತನಕ ನೋಡಿಯೇ ಇರಲಿಲ್ಲ. ಟೀವಿಯ ಮುಂದೆ ಬಾಯಿಗೆ ಬಂದದ್ದು ಹೇಳಿದ್ದೆ. ಅದು ನಿಜವೇ ಆಗಿತ್ತು. ದಡ್ಡಿಯಿಂದ ಮಾತ್ರ ಒಂದು ಸುದ್ದಿಯೂ ಬರಲಿಲ್ಲ. ದಿನಾ ಸಂಜೆ ಬಾಗಿಲ ಸಪ್ಪಳವಾದರೆ ಅವಳು ಬೆಚ್ಚುತ್ತಿದ್ದಳು, ಕರೆದುಕೊಂಡು ಹೋಗಲು ಬಂದರೋ ಏನೋ ಎಂದು.

ಪರೀಕ್ಷೆಯ ದಿನ ಕಾಕು ನಮಗಿಂತ ಮೊದಲೇ ಎದ್ದು ಬಾಗಿಲಲ್ಲಿ ನಿಂತಿದ್ದರು. "ಗೆಲ್ಲತಿ ಅಂತ ಹೇಳಿದ್ರ ಸುಳ್ಳಾದರೂ ಆದೀತು, ನನಗ ನೇಮ ಐತಿ. ಚೊಲೊ ಓಡ ಯವ್ವಾ, ಅಷ್ಟ ಹೇಳತೇನಿ" ಎಂದರು.

ಬೆಳಗಾವಿಯ ಮೈದಾನದ ತಂತಿಬೇಲಿಯ ಹೊರಗೆ ನೂರಾರು ಹುಡುಗಿಯರು. ಆ ಗದ್ದಲದ ನಡುವೆ, ಗೇಟಿನ ಬಾಜೂ ಬೇವಿನ ಗಿಡದ ಕೆಳಗೆ, ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ದಸ್ತಗೀರ ಕಾಕಾ ಕೂತಿದ್ದರು. ತಾರೀಖು ಎಲ್ಲಿ ಕೇಳಿ ತಿಳಿದುಕೊಂಡಿದ್ದರೋ, ಮೊದಲನೆಯ ಬಸ್ಸಿಗೆ ಬಂದಿದ್ದರು. ಮುಮತಾಜ ನನ್ನ ಕೈ ಹಿಡಿದುಕೊಂಡಳು, ಉಗುರು ಚರ್ಮಕ್ಕೆ ನಾಟುವಷ್ಟು ಬಿಗಿಯಾಗಿ.

ಒಳಗಿನಿಂದ ಒಬ್ಬ ಅಧಿಕಾರಿ ಕೂಗಿ ಹೇಳಿದರು: ಕೈಬಳೆ, ಸರ, ಕಾಲ್ಗೆಜ್ಜೆ ಎಲ್ಲ ತೆಗೆಯಬೇಕು, ತೆಗೆಯದವರನ್ನು ಒಳಗೆ ಬಿಡುವುದಿಲ್ಲ. ಕೆಲವು ಹುಡುಗಿಯರು ಅವಸರಕ್ಕೆ ಗಾಜಿನ ಬಳೆಗಳನ್ನು ಕಲ್ಲಿಗೆ ಬಡಿಯತೊಡಗಿದರು.

"ಒಡೀಬ್ಯಾಡ್ರಿ" ಎಂದು ಎದ್ದು ನಿಂತರು ದಸ್ತಗೀರ ಕಾಕಾ. ದನಿ ಎತ್ತಿದ್ದನ್ನು ಅಂದೇ ಕೇಳಿದೆ. "ಒಡೀಬ್ಯಾಡ್ರಿ ತಂಗಿ, ನಾ ತಗದ ಕೊಡತೇನಿ." ಆಮೇಲೆ ಮಗಳನ್ನು ನೋಡಿದರು. "ಬಾ ಇಲ್ಲಿ. ಕೈ ಕೊಡು."

ಮಗಳ ಬೆರಳುಗಳನ್ನು ಒಟ್ಟುಗೂಡಿಸಿ, ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತಿ, ಒಂದೊಂದೇ ಬಳೆ ಜಾರಿಸಿದರು. ತಾವೇ ಇಡಿಸಿದ ಬಳೆಗಳು. ಒಂದೂ ಒಡೆಯಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು. "ಈಗ ಬ್ಯಾಡ. ಉಸಿರ ಹಿಡದ ಇಟ್ಕೊ" ಎಂದರು.

ಅಷ್ಟರಲ್ಲಿ ಅವರ ಮುಂದೆ ಹುಡುಗಿಯರ ಸಾಲು ನಿಂತಿತ್ತು. ಅಥಣಿಯವರು, ರಾಯಬಾಗದವರು, ಬೈಲಹೊಂಗಲದವರು. ಒಬ್ಬೊಬ್ಬರ ಬಳೆ ತೆಗೆದು, ದಾರ ಪೋಣಿಸಿ, ಹೆಸರು ಕೇಳಿ, ಪೆಟ್ಟಿಗೆಯಲ್ಲಿ ಬೇರೆ ಬೇರೆ ಇಡುತ್ತಿದ್ದರು. ಆಗ ನನಗೆ ಗೊತ್ತಾಯಿತು, ಮುಮತಾಜಳ ಆ ಅಚ್ಚುಕಟ್ಟು ಎಲ್ಲಿಂದ ಬಂದದ್ದೆಂದು.

ಅವಳ ಗುಂಪನ್ನು ಕರೆದರು. ನಾನು ತಂತಿಗೆ ಮುಖ ಹಚ್ಚಿ ನಿಂತೆ. ದಸ್ತಗೀರ ಕಾಕಾ ಮೈದಾನಕ್ಕೆ ಬೆನ್ನು ಮಾಡಿ ಕೂತಿದ್ದರು, ಕೈಯಲ್ಲಿ ಯಾವುದೋ ಹುಡುಗಿಯ ಕೈ.

"ಕಾಕಾ, ಈ ಕಡೆ ತಿರಗ್ರಿ, ಶುರು ಆಗತೈತಿ."

"ನನ್ನ ಕಡಿಂದ ನೋಡಾಕ ಆಗಾಂಗಿಲ್ಲವಾ" ಎಂದರು. "ನೀ ಹೇಳು. ಇದ್ದದ್ದ ಇದ್ದಂಗ ಹೇಳು."

ಸೀಟಿ ಊದಿತು. ನಾನು ಹೇಳಿದೆ. ಒಂದು ಮಾತೂ ಕೂಡಿಸಲಿಲ್ಲ. "ಹಿಂದ ಉಳದಾಳ್ರಿ. ಐದನೇದಾಕಿ. ಈಗೂ ಐದನೇದಾಕಿ... ಹೊಳ್ಳೂದರಾಗ ಒಬ್ಬಾಕಿನ ದಾಟಿದ್ಲರಿ. ಕಾಲ ಜಾರಿತ್ರಿ, ಬೀಳಲಿಲ್ಲ, ಸಾವರಿಸಿಕೊಂಡ್ಲು... ನಾಕನೇದಾಕಿ. ಓಡಾಕತ್ತಾಳ್ರಿ ಕಾಕಾ. ಮೂರನೇದಾಕಿ. ಮೂರನೇದಾಕಿನ ಅದಾಳ. ಮುಟ್ಟಿದ್ಲು. ಹೊತ್ತಿನೊಳಗ ಮುಟ್ಟಿದ್ಲರಿ. ಪಾಸ್ ಅಂತ ಕೂಗಿದ್ರು."

ತಿರುಗಿ ನೋಡಿದೆ. ಅವರು ತಲೆ ತಗ್ಗಿಸಿ, ಆ ಹುಡುಗಿಯ ಬೆರಳುಗಳನ್ನು ಒಟ್ಟುಗೂಡಿಸಿ, ಹೆಬ್ಬೆರಳ ಬುಡ ಒತ್ತಿ, ಬಹಳ ಜೋಕೆಯಿಂದ ಬಳೆ ಜಾರಿಸುತ್ತಲೇ ಇದ್ದರು.

"ಕಾಕಾ" ಎಂದಳು ಆ ಹುಡುಗಿ, ಮೆಲ್ಲಗೆ. "ಈ ಕೈಯಾಗ ಬಳಿ ಇಲ್ರಿ. ಆಗಲೇ ತಗದೀರಿ."